ಮೈಹರ್‌ನ ಬಾಬಾ: ಮಗನನ್ನು ಮರಕ್ಕೆ ಕಟ್ಟಿದ ಗುರು, ಮಗಳ ಕೈಗೆ ಸುರ್‌ಬಹಾರ್ ಕೊಟ್ಟ ತಂದೆ

ಮುಂಬೈನಿಂದ ಜಬಲ್ಪುರ ಮಾರ್ಗವಾಗಿ ಪ್ರಯಾಗರಾಜ್ ಕಡೆಗೆ ಹೋಗುವ ರೈಲುಗಳು ಕಟ್ನಿ ದಾಟಿದ ಮೇಲೆ ಮೈಹರ್ ಎಂಬ ಪುಟ್ಟ ಊರನ್ನು ಹಾದುಹೋಗುತ್ತವೆ. ಹೆಚ್ಚಿನವರು ಇಲ್ಲಿ ಇಳಿಯುವುದು ಬೆಟ್ಟದ ಮೇಲಿರುವ ಶಾರದಾ ದೇವಿಯ ದರ್ಶನಕ್ಕೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಕೈಮುಗಿದು ಬರುತ್ತಾರೆ. ಸಂಗೀತ ಬಲ್ಲವರಿಗೆ ಮಾತ್ರ ಈ ಊರಿನ ಹೆಸರು ಕೇಳಿದರೆ ಇನ್ನೊಂದು ನೆನಪು ಬರುತ್ತದೆ. ದಿನಕ್ಕೆ ಐದು ಹೊತ್ತು ನಮಾಜು ಮಾಡುತ್ತಾ, ಅದೇ ಶಾರದೆಯನ್ನು ತಾಯಿ ಎಂದು ಪೂಜಿಸುತ್ತಾ ಬದುಕಿದ ಒಬ್ಬ ಬಂಗಾಳಿ ಮುಸ್ಲಿಂ ವಾದಕನ ನೆನಪು ಅದು. ಅವರೇ ಉಸ್ತಾದ್ ಅಲ್ಲಾವುದ್ದೀನ್ ಖಾನ್. ಶಿಷ್ಯರ ಬಾಯಲ್ಲಿ ಬರೀ ಬಾಬಾ.

ಸಿತಾರ್‌ನ ರವಿಶಂಕರ್, ಸರೋದ್‌ನ ಅಲಿ ಅಕ್ಬರ್ ಖಾನ್, ಸುರ್‌ಬಹಾರ್‌ನ ಅನ್ನಪೂರ್ಣಾ ದೇವಿ, ಸಿತಾರ್‌ನ ನಿಖಿಲ್ ಬ್ಯಾನರ್ಜಿ. ಕಳೆದ ಶತಮಾನದ ಹಿಂದೂಸ್ತಾನಿ ವಾದ್ಯ ಸಂಗೀತದಲ್ಲಿ ಈ ನಾಲ್ಕು ಹೆಸರುಗಳನ್ನು ತೆಗೆದುಬಿಟ್ಟರೆ ಉಳಿಯುವುದು ಅರ್ಧ ಕಥೆ ಮಾತ್ರ. ನಾಲ್ವರೂ ಒಂದೇ ಮನೆಯ ಅಂಗಳದಲ್ಲಿ ಕಲಿತವರು. ಆ ಅಂಗಳದಲ್ಲಿ ಒಂದು ಮರವಿತ್ತು. ತಪ್ಪು ನುಡಿಸಿದ ಮಗನನ್ನು ತಂದೆಯೇ ಆ ಮರಕ್ಕೆ ಕಟ್ಟಿ ಹೊಡೆಯುತ್ತಿದ್ದರು. ಊಟ ಕೊಡದೆ ಬಿಟ್ಟ ದಿನಗಳೂ ಇದ್ದವು. ಇದು ಬಾಬಾ ಆಗದವರು ಹಬ್ಬಿಸಿದ ಮಾತಲ್ಲ. ಅವರನ್ನು ದೇವರಂತೆ ಕಂಡ ರವಿಶಂಕರ್ ಅವರೇ ತಮ್ಮ ಬರಹದಲ್ಲಿ ದಾಖಲಿಸಿದ ಸಂಗತಿ.

ಬಾಬಾ ತೀರಿಕೊಂಡು ಅರ್ಧ ಶತಮಾನ ಕಳೆದಿದೆ. ಅವರ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ಮರದ ಪ್ರಸಂಗವನ್ನು ಮುಗುಳ್ನಗುತ್ತಾ ಹೇಳಿ, ಆಮೇಲೆ ಪ್ರಶಸ್ತಿಗಳ ಪಟ್ಟಿ ಕೊಡುತ್ತೇವೆ. ಪೆಟ್ಟು ಬಿತ್ತು, ವಿದ್ಯೆ ಬಂತು ಎಂಬುದು ಅದರ ಸಾರಾಂಶ. ಆದರೆ ಅವರ ಬದುಕನ್ನು ಮೊದಲಿನಿಂದ ನೋಡುತ್ತಾ ಬಂದರೆ ಲೆಕ್ಕ ಅಷ್ಟು ಸುಲಭವಾಗಿ ಕೂಡುವುದಿಲ್ಲ.

ಮನೆ ಬಿಟ್ಟು ಓಡಿದ ಹುಡುಗ

ಅಲ್ಲಾವುದ್ದೀನ್ ಹುಟ್ಟಿದ್ದು ಇಂದಿನ ಬಾಂಗ್ಲಾದೇಶದ ಬ್ರಾಹ್ಮಣ್‌ಬಾರಿಯಾ ಬಳಿಯ ಶಿಬ್‌ಪುರ ಎಂಬ ಹಳ್ಳಿಯಲ್ಲಿ. ಹುಟ್ಟಿದ ವರ್ಷ 1862 ಎನ್ನುವವರಿದ್ದಾರೆ, 1881 ಎನ್ನುವವರೂ ಇದ್ದಾರೆ. ಮನೆಯಲ್ಲಿ ಸಂಗೀತದ ಗಾಳಿ ಇತ್ತು. ಅಣ್ಣ ಅಫ್ತಾಬುದ್ದೀನ್ ವಾದಕರು. ಆದರೆ ಹುಡುಗನಿಗೆ ಮನೆಯಲ್ಲಿ ಸಿಕ್ಕಷ್ಟು ಸಾಕಾಗಲಿಲ್ಲ. ಇನ್ನೂ ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಓಡಿಹೋಗಿ, ಊರೂರು ಸುತ್ತುವ ಜಾತ್ರಾ ನಾಟಕ ತಂಡವೊಂದನ್ನು ಸೇರಿಕೊಂಡ. ಅಲ್ಲಿಂದ ಕಲ್ಕತ್ತಾ. ಕೈಯಲ್ಲಿ ಕಾಸಿಲ್ಲ, ಗುರುತಿನವರಿಲ್ಲ. ಅನ್ನಸತ್ರದ ಊಟ, ಗಂಗೆಯ ನೀರು, ಸಿಕ್ಕಲ್ಲಿ ನಿದ್ದೆ.

ಕೊನೆಗೆ ಸಿಕ್ಕಿದವರು ನೂಲೋ ಗೋಪಾಲ್ ಎಂದು ಹೆಸರಾಗಿದ್ದ ಗಾಯಕ ಗೋಪಾಲಚಂದ್ರ ಭಟ್ಟಾಚಾರ್ಯ. ಅವರು ಹಾಕಿದ ಷರತ್ತು ದೊಡ್ಡದಿತ್ತು. ಹನ್ನೆರಡು ವರ್ಷ ಬರೀ ಸ್ವರಾಭ್ಯಾಸ, ರಾಗದ ಮಾತು ಆಮೇಲೆ. ಹುಡುಗ ಒಪ್ಪಿದ. ಆ ಹನ್ನೆರಡು ವರ್ಷ ತುಂಬುವ ಮೊದಲೇ ಗುರುಗಳು ತೀರಿಕೊಂಡರು. ಶಿಷ್ಯ ಆ ದುಃಖದಲ್ಲಿ ಹಾಡುವುದನ್ನೇ ಬಿಟ್ಟು ವಾದ್ಯಗಳ ಕಡೆ ತಿರುಗಿದರು. ಅಮೃತಲಾಲ್ ದತ್ತರಿಂದ ಹಲವು ವಾದ್ಯಗಳು, ಗೋವಾ ಮೂಲದ ಬ್ಯಾಂಡ್ ಮಾಸ್ಟರ್ ಒಬ್ಬರಿಂದ ಪಾಶ್ಚಾತ್ಯ ಪಿಟೀಲು, ಇನ್ನೊಬ್ಬ ಉಸ್ತಾದರಿಂದ ಶಹನಾಯಿ, ಜೊತೆಗೆ ತಬಲಾ, ಪಖಾವಾಜ್. ಸಿಕ್ಕವರಿಂದೆಲ್ಲ ಸಿಕ್ಕಷ್ಟನ್ನು ಕಲಿತರು.

ಈ ನಡುವೆ ಮನೆಯವರು ಅವರನ್ನು ಹುಡುಕಿ ಊರಿಗೆ ಕರೆದೊಯ್ದು ಮದುವೆ ಮಾಡಿಸಿದ್ದರು. ಕಟ್ಟಿಹಾಕಲು ಅದೇ ಸರಿಯಾದ ಹಗ್ಗ ಎಂದು ಭಾವಿಸಿರಬೇಕು. ಮದುಮಗ ಹೊಸ ಹೆಂಡತಿಯನ್ನು ಬಿಟ್ಟು ಮತ್ತೆ ಕಲ್ಕತ್ತಾಕ್ಕೆ ಓಡಿದರು. ಸಂಗೀತಕ್ಕಾಗಿ ಬೇರೆಯವರ ಬದುಕನ್ನೂ ಪಣಕ್ಕಿಡುವ ಸ್ವಭಾವ ಆಗಲೇ ಇತ್ತು ಎಂಬುದನ್ನು ಗಮನಿಸಬೇಕು. ಆ ಬೆಲೆ ತೆತ್ತವರಲ್ಲಿ ಮೊದಲಿಗರು ಅವರ ಪತ್ನಿ.

ನವಾಬನ ಕಾರಿಗೆ ಅಡ್ಡ ಬಿದ್ದವರು

ಮುಕ್ತಾಗಾಛಾದ ಜಮೀನ್ದಾರರ ಮನೆಯಲ್ಲಿ ಅಹ್ಮದ್ ಅಲಿ ಖಾನ್ ಅವರ ಸರೋದ್ ಕೇಳಿದ ದಿನ, ತಾನು ಇದುವರೆಗೆ ಕಲಿತದ್ದು ಏನೂ ಅಲ್ಲ ಎಂದು ಅಲ್ಲಾವುದ್ದೀನ್ ಅವರಿಗೆ ಅನ್ನಿಸಿತು. ಅಲ್ಲೇ ಶಿಷ್ಯರಾದರು. ಅಡುಗೆ ಮಾಡಿ, ಮನೆಗೆಲಸ ಮಾಡಿ, ವರ್ಷಗಟ್ಟಲೆ ಸೇವೆ ಮಾಡಿದರು. ಗುರು ಕಲಿಸಿದ್ದಕ್ಕಿಂತ ಗುರುವಿನ ರಿಯಾಜ್ ಕೇಳಿ ಕದ್ದು ಕಲಿತದ್ದೇ ಹೆಚ್ಚು. ಅದು ಗೊತ್ತಾದಾಗ ಗುರುವಿಗೆ ಸಿಟ್ಟು ಬಂದು, ಆ ಬಾಗಿಲೂ ಮುಚ್ಚಿತು.

ಮುಂದಿನ ನಿಲ್ದಾಣ ರಾಂಪುರ. ಅಲ್ಲಿನ ನವಾಬ ಹಮೀದ್ ಅಲಿ ಖಾನ್ ಅವರ ಗುರು ವಜೀರ್ ಖಾನ್, ತಾನ್‌ಸೇನ್ ಮಗಳ ವಂಶದವರು, ದೊಡ್ಡ ಬೀನ್ ವಾದಕರು. ಬಡ ಬಂಗಾಳಿಯೊಬ್ಬನಿಗೆ ಅವರ ಮನೆಯ ಹೊಸ್ತಿಲು ದಾಟಲೂ ಸಾಧ್ಯವಿರಲಿಲ್ಲ. ಕಾದು ಕಾದು ಹತಾಶರಾದ ಅಲ್ಲಾವುದ್ದೀನ್ ಒಂದು ದಿನ ನವಾಬರ ಕಾರಿಗೆ ಅಡ್ಡ ಬಿದ್ದರು. ವಿಚಾರಿಸಿದ ನವಾಬರು ಅವರ ವಾದನ ಕೇಳಿ ಮೆಚ್ಚಿ, ತಾವೇ ವಜೀರ್ ಖಾನ್ ಅವರಿಗೆ ಶಿಫಾರಸು ಮಾಡಿದರು. ಶಿಷ್ಯನೆಂದು ದಾರ ಕಟ್ಟಿಸಿಕೊಂಡದ್ದಾಯಿತು. ಆದರೆ ಪಾಠ ಮಾತ್ರ ಶುರುವಾಗಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ದಿನವೂ ಬಾಗಿಲಲ್ಲಿ ನಿಂತು ಸಲಾಂ ಹೊಡೆದು ಬರುವುದೇ ವಿದ್ಯಾಭ್ಯಾಸವಾಯಿತು.

ಗಂಡನಿಲ್ಲದ ಮನೆಯಲ್ಲಿ ಪತ್ನಿ ಪಡುತ್ತಿದ್ದ ಸಂಕಟದ ಸುದ್ದಿ ಹೊತ್ತು ಊರಿನಿಂದ ಒಂದು ತಂತಿ ಬಂತು. ಅದು ವಜೀರ್ ಖಾನ್ ಅವರ ಕಿವಿಗೂ ಬಿತ್ತು. ಈತ ಇಷ್ಟೆಲ್ಲ ಬಿಟ್ಟು ಬಂದಿದ್ದಾನೆ ಎಂದು ಅವರಿಗೆ ಗೊತ್ತಾದದ್ದೇ ಆಗ. ಮನಸ್ಸು ಕರಗಿ ಕಲಿಸಲು ಶುರು ಮಾಡಿದರು. ಬೀನ್ ಮಾತ್ರ ತಮ್ಮ ಮನೆತನದವರಿಗೇ ಮೀಸಲು ಎಂದು ಇಟ್ಟುಕೊಂಡು, ಉಳಿದ ವಿದ್ಯೆಯನ್ನು ಸರೋದ್, ರಬಾಬ್, ಸುರ್‌ಶೃಂಗಾರ್ ಮೂಲಕ ಕೊಟ್ಟರು.

ಬಾಬಾ ಮುಂದೆ ಎಂಥ ಗುರುವಾದರು ಎಂಬುದಕ್ಕೆ ಇಲ್ಲಿ ಒಂದು ಸುಳಿವಿದೆ. ಅವರ ಪಾಲಿಗೆ ಸಂಗೀತ ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಒಂದೊಂದು ಸ್ವರವನ್ನೂ ಹಸಿವು, ಅವಮಾನ, ವರ್ಷಗಳ ಬೆಲೆ ತೆತ್ತು ಪಡೆದದ್ದು. ಹಾಗೆ ಸಂಪಾದಿಸಿದ್ದನ್ನು ಮಕ್ಕಳು ಹಗುರವಾಗಿ ಮುಟ್ಟಿದರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಮಗ ತಪ್ಪು ನುಡಿಸಿದಾಗ ಅವರಿಗೆ ಕಾಣುತ್ತಿದ್ದದ್ದು ಮಗುವಿನ ಆಯಾಸವಲ್ಲ, ಗುರುಗಳ ಋಣ.

ಅನಾಥ ಮಕ್ಕಳ ಬ್ಯಾಂಡ್

ಮೈಹರ್ ಸಂಸ್ಥಾನದ ಮಹಾರಾಜ ಬ್ರಿಜನಾಥ ಸಿಂಗ್ ಅವರು ಅಲ್ಲಾವುದ್ದೀನ್ ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಕರೆಸಿಕೊಂಡರು. ಸ್ವತಃ ಶಿಷ್ಯರೂ ಆದರು. 1918ರ ಹೊತ್ತಿಗೆ ಸಾಂಕ್ರಾಮಿಕ ರೋಗ ಆ ಭಾಗದಲ್ಲಿ ಅನೇಕ ಮಕ್ಕಳನ್ನು ಅನಾಥರನ್ನಾಗಿ ಮಾಡಿತ್ತು. ಆ ಮಕ್ಕಳನ್ನು ಸೇರಿಸಿ ಬಾಬಾ ಒಂದು ವಾದ್ಯವೃಂದ ಕಟ್ಟಿದರು. ಅದೇ ಮೈಹರ್ ಬ್ಯಾಂಡ್. ಓದು ಬರಹ ಗೊತ್ತಿಲ್ಲದ ಮಕ್ಕಳಿಗೆ ಒಂದೊಂದು ವಾದ್ಯ ಹಿಡಿಸಿ, ರಾಗಗಳ ಮೇಲೆ ತಾವೇ ರಚನೆಗಳನ್ನು ಮಾಡಿಕೊಟ್ಟರು. ಬಂದೂಕಿನ ನಳಿಗೆಗಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ, ಜಲತರಂಗದ ಮಾದರಿಯಲ್ಲಿ ನಳತರಂಗ ಎಂಬ ಹೊಸ ವಾದ್ಯವನ್ನೇ ಸೃಷ್ಟಿಸಿದರು. ಆ ಬ್ಯಾಂಡ್ ಇಂದಿಗೂ ಇದೆ.

ಬೀದಿಯ ಮಕ್ಕಳನ್ನು ಕರೆದು ಊಟ ಹಾಕಿ ಸಂಗೀತ ಕಲಿಸಿದ, ಶಿಷ್ಯರಿಂದ ಶುಲ್ಕ ಕೇಳದ ಮನುಷ್ಯ ಈತ. ವಿದ್ಯೆಗಾಗಿ ತಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ ಎಂದು ಮನೆಯ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟವರು. ಮನೆತನದವರಿಗೆ ಮಾತ್ರ ಎಂದು ಗುರುಗಳು ಬಚ್ಚಿಡುತ್ತಿದ್ದ ಕಾಲದಲ್ಲಿ ಜಾತಿ, ಧರ್ಮ, ಕುಲ ಕೇಳದೆ ಕಲಿಸಿದವರು. ಅದೇ ಕೈ ಸಿಟ್ಟು ಬಂದಾಗ ಕೋಲು ಹಿಡಿಯುತ್ತಿತ್ತು.

ದಿನಕ್ಕೆ 18 ಗಂಟೆ

ಮಗ ಅಲಿ ಅಕ್ಬರ್ ಹುಟ್ಟಿದ್ದು 1922ರ ಏಪ್ರಿಲ್ 14ರಂದು, ಶಿಬ್‌ಪುರದಲ್ಲಿ. ಮೂರರ ಹರೆಯದಲ್ಲೇ ಪಾಠ ಆರಂಭವಾಯಿತು. ಮೊದಲು ಹಾಡುಗಾರಿಕೆ, ಜೊತೆಗೆ ತಾಳವಾದ್ಯ. ಬೇರೆ ಬೇರೆ ವಾದ್ಯಗಳನ್ನು ಮುಟ್ಟಿಸಿದ ಮೇಲೆ ಕೊನೆಗೆ ಸರೋದ್ ನಿಂತಿತು. ಸೂರ್ಯ ಹುಟ್ಟುವ ಮುಂಚೆ ಶುರುವಾದ ಪಾಠ, ರಿಯಾಜ್ ಎರಡೂ ಸೇರಿ ದಿನಕ್ಕೆ 18 ಗಂಟೆಯವರೆಗೂ ನಡೆಯುತ್ತಿತ್ತು. ಆಟ, ಗೆಳೆಯರು, ಊರಿನ ಜಾತ್ರೆ ಇವೆಲ್ಲ ಬೇರೆ ಮಕ್ಕಳಿಗೆ. ಈ ಹುಡುಗನಿಗೆ ಇದ್ದದ್ದು ಒಂದು ಕೋಣೆ, ಒಂದು ವಾದ್ಯ, ಗೋಡೆಯ ಆಚೆಯಿಂದಲೂ ತಪ್ಪು ಹಿಡಿಯುವ ಅಪ್ಪನ ಕಿವಿ.

ಹುಡುಗನಲ್ಲಿ ಅಸಾಧಾರಣ ಪ್ರತಿಭೆ ಇತ್ತು. ತಂದೆಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗಿತ್ತು. ಹಾಗೆ ಗೊತ್ತಾದದ್ದೇ ಹುಡುಗನ ಪಾಲಿಗೆ ಕಷ್ಟವಾಯಿತು. ಸಾಧಾರಣ ಮಗುವಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. 13ನೇ ವಯಸ್ಸಿಗೆ ಅಲಹಾಬಾದ್‌ನ ಸಂಗೀತ ಸಮ್ಮೇಳನದಲ್ಲಿ ಮೊದಲ ಕಛೇರಿ. 1938ರಲ್ಲಿ ಮುಂಬೈ ಆಕಾಶವಾಣಿಯಲ್ಲಿ ವಾದನ, ತಬಲಾದಲ್ಲಿ ಅಲ್ಲಾ ರಖಾ. ಕೇಳಿದವರು ಹುಡುಗನ ಕೈಚಳಕಕ್ಕೆ ಬೆರಗಾದರು. ಆ ಕೈಗಳು ಹಾಗೆ ತಯಾರಾದದ್ದು ಹೇಗೆ ಎಂದು ಅವರಿಗೆ ಗೊತ್ತಿರಲಿಲ್ಲ.

ಒಬ್ಬ ತಾಯಿಗೆ ಕೊಟ್ಟ ಮಾತು

1935ರಲ್ಲಿ ನೃತ್ಯಪಟು ಉದಯಶಂಕರ್ ಅವರ ತಂಡದೊಂದಿಗೆ ಬಾಬಾ ಯುರೋಪ್ ಪ್ರವಾಸಕ್ಕೆ ಹೊರಟರು. ಉದಯಶಂಕರ್ ಅವರ ಕೊನೆಯ ತಮ್ಮ, 15 ವರ್ಷದ ರವಿಶಂಕರ್ ಕೂಡ ತಂಡದಲ್ಲಿದ್ದ. ಮುಂಬೈ ಬಂದರಿನಲ್ಲಿ ಹಡಗು ಹತ್ತುವಾಗ ರವಿಯ ತಾಯಿ ಹೇಮಾಂಗಿನಿ ದೇವಿ ಮಗನ ಕೈಯನ್ನು ಬಾಬಾ ಕೈಯಲ್ಲಿಟ್ಟು, ಇವನನ್ನು ನಿಮ್ಮ ಮಗನಂತೆ ನೋಡಿಕೊಳ್ಳಿ ಎಂದು ಬೇಡಿಕೊಂಡರು. ಬಾಬಾ ಅತ್ತುಬಿಟ್ಟರು. ಮಗ ವಿದೇಶದಲ್ಲಿರುವಾಗಲೇ ಆ ತಾಯಿ ತೀರಿಕೊಂಡರು.

ಪ್ಯಾರಿಸ್‌ನ ಬೆಡಗು, ಒಳ್ಳೆಯ ಬಟ್ಟೆ, ನೃತ್ಯದ ಚಪ್ಪಾಳೆಗಳಲ್ಲಿ ಬೆಳೆದ ರವಿಶಂಕರ್ 1938ರಲ್ಲಿ ಅವೆಲ್ಲವನ್ನೂ ಬಿಟ್ಟು, ತಲೆ ಬೋಳಿಸಿ, ಒರಟು ಬಟ್ಟೆ ತೊಟ್ಟು ಮೈಹರ್‌ಗೆ ಬಂದರು. ಪಾಠ ನಡೆಯುತ್ತಿದ್ದಾಗ ಒಂದು ದಿನ ಬಾಬಾ ಹೇಳಿಕೊಟ್ಟದ್ದು ಕೈಗೆ ಹತ್ತಲಿಲ್ಲ. ಮಣಿಕಟ್ಟಿನಲ್ಲಿ ಬಲವಿಲ್ಲದ ನೀನು ಹೋಗಿ ಬಳೆ ತೊಟ್ಟುಕೋ ಎಂಬರ್ಥದ ಮಾತು ಬಾಬಾ ಬಾಯಿಂದ ಬಂತು. ಅಷ್ಟಕ್ಕೇ ನೊಂದುಕೊಂಡ ರವಿಶಂಕರ್ ಗಂಟುಮೂಟೆ ಕಟ್ಟಿ ಹೊರಟು ನಿಂತರು.

ತಡೆದವರು ಅಲಿ ಅಕ್ಬರ್. ತನ್ನನ್ನು ಮರಕ್ಕೆ ಕಟ್ಟಿ ಹೊಡೆದದ್ದು, ಉಪವಾಸ ಕೆಡವಿದ್ದು ಎಲ್ಲವನ್ನೂ ಅವರು ಗೆಳೆಯನಿಗೆ ಹೇಳಿದರು. ಇಡೀ ಮೈಹರ್‌ನಲ್ಲಿ ಬಾಬಾ ಇದುವರೆಗೆ ಕೈ ಎತ್ತದಿರುವುದು ನಿನ್ನೊಬ್ಬನ ಮೇಲೆ ಮಾತ್ರ, ಅದು ನಿನಗೆ ಗೊತ್ತಿದೆಯೇ ಎಂದು ಅಚ್ಚರಿಪಟ್ಟರು. ವಿಷಯ ಬಾಬಾಗೂ ತಲುಪಿತು. ಅವರು ರವಿಶಂಕರ್ ಅವರನ್ನು ಕರೆದು, ಮುಂಬೈ ಬಂದರಿನಲ್ಲಿ ಆ ತಾಯಿ ಕೈಯಿಟ್ಟ ಗಳಿಗೆಯನ್ನು ನೆನಪಿಸಿದರು. ಅಂದಿನಿಂದ ನೀನು ನನ್ನ ಮಗ, ಈಗ ಬಿಟ್ಟು ಹೋಗುತ್ತೀಯಾ ಎಂದು ಕೇಳಿದರು. ಇಬ್ಬರೂ ಅತ್ತರು. ರವಿಶಂಕರ್ ಉಳಿದರು.

ಆ ಘಟನೆಯ ನಂತರ ತಮ್ಮ ಮೇಲೆ ಸಿಟ್ಟು ಬಂದಾಗಲೆಲ್ಲ ಬಾಬಾ ಎದ್ದು ಹೊರಗೆ ಹೋಗಿ, ಬೇರೆ ಯಾರಿಗಾದರೂ ಹೊಡೆದು ಬರುತ್ತಿದ್ದರು ಎಂದು ರವಿಶಂಕರ್ ನೆನೆಸಿಕೊಂಡಿದ್ದಾರೆ. ಓದಿದಾಗ ಮೊದಲು ನಗು ಬರುತ್ತದೆ. ಸ್ವಲ್ಪ ಯೋಚಿಸಿದರೆ ನಗು ನಿಲ್ಲುತ್ತದೆ. ಬಾಬಾಗೆ ತಮ್ಮ ಕೈಯನ್ನು ತಡೆಹಿಡಿಯುವುದು ಸಾಧ್ಯವಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಒಬ್ಬ ತಾಯಿಗೆ ಕೊಟ್ಟ ಮಾತು ಆ ಕೈಯನ್ನು ತಡೆಯಿತು. ಇನ್ನು, ಹೊರಗೆ ಪೆಟ್ಟು ತಿಂದವರು ಯಾರು, ಅವರು ಏನು ತಪ್ಪು ಮಾಡಿದ್ದರು? ಅವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ.

ಪೆಟ್ಟಿಲ್ಲದೆ ಕಲಿತ ರವಿಶಂಕರ್ ಏನಾದರು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ಟಿಗೆ ಹೆದರಿದ ಮಗಳು

ಮನೆಯಲ್ಲಿ ಹೆಣ್ಣುಮಕ್ಕಳೂ ಇದ್ದರು. ಹಿರಿಯ ಮಗಳು ಜಹನಾರಾಗೆ ಬಾಬಾ ಸಂಗೀತ ಕಲಿಸಿ ಮದುವೆ ಮಾಡಿಕೊಟ್ಟಿದ್ದರು. ಗಂಡನ ಮನೆಯವರಿಗೆ ಸೊಸೆಯ ಸಂಗೀತ ಸಹಿಸಲಿಲ್ಲ. ಅತ್ತೆ ಅವಳ ತಂಬೂರಿಯನ್ನೇ ಸುಟ್ಟುಹಾಕಿದರು ಎಂದು ಹೇಳುತ್ತಾರೆ. ನೊಂದು ತವರಿಗೆ ಮರಳಿದ ಜಹನಾರಾ ಹೆಚ್ಚು ದಿನ ಬದುಕಲಿಲ್ಲ. ಆ ಪೆಟ್ಟು ಬಾಬಾಗೆ ಬಿತ್ತು. ಇನ್ನು ಮುಂದೆ ಮನೆಯ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುವುದಿಲ್ಲ ಎಂದು ತೀರ್ಮಾನಿಸಿದರು.

ಹಾಗಾಗಿ 1927ರಲ್ಲಿ ಮೈಹರ್‌ನಲ್ಲೇ ಹುಟ್ಟಿದ ಕಿರಿಯ ಮಗಳು ರೋಶನಾರಾಗೆ ಪಾಠವಿರಲಿಲ್ಲ. ಮಹಾರಾಜರು ಪ್ರೀತಿಯಿಂದ ಅನ್ನಪೂರ್ಣಾ ಎಂದು ಕರೆದದ್ದು ಈಕೆಯನ್ನೇ. ಮನೆಗೆಲಸ ಮಾಡಿಕೊಂಡು, ಅಣ್ಣನ ಪಾಠವನ್ನು ಕಿವಿಯಲ್ಲೇ ತುಂಬಿಕೊಳ್ಳುತ್ತಿದ್ದ ಹುಡುಗಿ. ಒಂದು ದಿನ ತಂದೆ ಪೇಟೆಗೆ ಹೋಗಿದ್ದಾಗ ಅಣ್ಣ ಅಭ್ಯಾಸದಲ್ಲಿ ತಪ್ಪಿದ. ಬಾಬಾ ಹೇಳಿಕೊಟ್ಟದ್ದು ಹಾಗಲ್ಲ, ಹೀಗೆ ಎಂದು ತಂಗಿ ಹಾಡಿ ತೋರಿಸಿದಳು. ಅಷ್ಟರಲ್ಲಿ ಮರಳಿ ಬಂದಿದ್ದ ತಂದೆ ಹಿಂದೆ ನಿಂತು ಕೇಳುತ್ತಿದ್ದರು. ತಿರುಗಿ ನೋಡಿದ ಹುಡುಗಿ ಹೆದರಿ ನಡುಗಿದಳು. ಇವತ್ತು ಪೆಟ್ಟು ಗ್ಯಾರಂಟಿ ಎಂದುಕೊಂಡಳು.

ಪೆಟ್ಟು ಬೀಳಲಿಲ್ಲ. ತಂದೆ ಅವಳನ್ನು ಒಳಗೆ ಕರೆದು ಪಾಠ ಶುರು ಮಾಡಿದರು. ಕೆಲ ಕಾಲದ ನಂತರ ಸಿತಾರ್ ಬಿಡಿಸಿ, ಅದಕ್ಕಿಂತ ದೊಡ್ಡದಾದ, ಗಂಭೀರ ನಾದದ ಸುರ್‌ಬಹಾರ್ ಕೈಗಿಟ್ಟರು. ಸಿತಾರ್ ಎಲ್ಲರಿಗೂ ಇಷ್ಟವಾಗುತ್ತದೆ, ಸುರ್‌ಬಹಾರ್ ಆಳ ಬಲ್ಲ ಕೆಲವರಿಗೆ ಮಾತ್ರ ರುಚಿಸುತ್ತದೆ, ಜನರನ್ನು ಮೆಚ್ಚಿಸುವ ಆಸೆ ಇಲ್ಲದಿದ್ದರೆ ಇದನ್ನು ಹಿಡಿ ಎಂದು ಮೊದಲೇ ತಿಳಿಸಿದ್ದರು. ಗುರುಗಳಿಂದ ತಾನು ಪಡೆದ ವಿದ್ಯೆಯನ್ನು ಲೋಭವಿಲ್ಲದ ಈ ಮಗಳಲ್ಲಿ ಇಡಬಹುದು ಎಂಬುದು ಅವರ ನಂಬಿಕೆ. ತಂದೆಯ ಮಾತೇ ಅಂತಿಮ ಎಂದು ಮಗಳು ಒಪ್ಪಿದಳು. ಆಗ ಅವಳಿನ್ನೂ ಚಿಕ್ಕ ಹುಡುಗಿ.

1941ರ ಮೇ 15ರಂದು ಅಲ್ಮೋರಾದಲ್ಲಿ ರವಿಶಂಕರ್ ಅವರೊಂದಿಗೆ ಅನ್ನಪೂರ್ಣಾ ಮದುವೆ ನಡೆಯಿತು. ವಧುವಿಗೆ 14, ವರನಿಗೆ 21. ಮರುವರ್ಷ ಮಗ ಶುಭೇಂದ್ರ ಹುಟ್ಟಿದ. ಇಬ್ಬರೂ ಜೊತೆಯಾಗಿ ಕೆಲವು ಕಛೇರಿ ಕೊಟ್ಟರು. ಆಮೇಲೆ ಅನ್ನಪೂರ್ಣಾ ವೇದಿಕೆಯಿಂದ ಹಿಂದೆ ಸರಿದರು. ದಾಂಪತ್ಯದ ಬಿರುಕು ಕಾರಣವೆಂದು ಒಬ್ಬರು, ಅವರ ಸ್ವಭಾವವೇ ಹಾಗೆಂದು ಇನ್ನೊಬ್ಬರು. ಮುಂಬೈನ ವಾರ್ಡನ್ ರಸ್ತೆಯ ಫ್ಲ್ಯಾಟ್‌ನಲ್ಲಿ ದಶಕಗಳ ಕಾಲ ಬಾಗಿಲು ಹಾಕಿಕೊಂಡು, ಆಯ್ದ ಶಿಷ್ಯರಿಗೆ ಮಾತ್ರ ಕಲಿಸುತ್ತಾ ಬದುಕಿದರು. ಹರಿಪ್ರಸಾದ್ ಚೌರಾಸಿಯಾ ಅವರಂಥ ಕೊಳಲು ವಾದಕರು ಆ ಬಾಗಿಲಲ್ಲಿ ಕಾದು ಶಿಷ್ಯರಾದವರು. 2018ರ ಅಕ್ಟೋಬರ್ 13ರಂದು ಅವರು ತೀರಿಕೊಂಡಾಗ, ಜಗತ್ತಿಗೆ ಅವರ ಸುರ್‌ಬಹಾರ್ ಎಂದರೆ ಯಾರೋ ಹೇಗೋ ಮುದ್ರಿಸಿಕೊಂಡ ಒಂದಿಷ್ಟು ಹಳೆಯ ತುಣುಕುಗಳು ಮಾತ್ರ.

ಮಗ ಶುಭೇಂದ್ರನಿಗೆ ಅವರು ತಂದೆಯ ಪದ್ಧತಿಯಲ್ಲೇ ಕಲಿಸಲು ಹೊರಟರು. ಪಾಠ ಪೂರ್ತಿಯಾಗುವ ಮೊದಲೇ ಅವರು 1970ರ ಸುಮಾರಿಗೆ ತಾಯಿಯನ್ನು ಬಿಟ್ಟು ತಂದೆಯ ಜೊತೆ ಅಮೆರಿಕಕ್ಕೆ ಹೋದರು. ತಾಯಿಯ ಶಿಸ್ತು ಅತಿಯಾಯಿತೇ, ತಂದೆಯ ಆತುರ ಹೆಚ್ಚಾಯಿತೇ ಎಂಬ ವಾದ ಎರಡೂ ಕಡೆ ನಡೆದಿದೆ. 1992ರಲ್ಲಿ, 50ರ ವಯಸ್ಸಿಗೆ ಶುಭೇಂದ್ರ ತೀರಿಕೊಂಡರು. ಮೈಹರ್‌ನ ಅಂಗಳದಲ್ಲಿ ಶುರುವಾದ ಒಂದು ಬಗೆಯ ಭಕ್ತಿ ಮೂರನೇ ತಲೆಮಾರಿನವರೆಗೂ ಬಂದು ಒಬ್ಬ ಹುಡುಗನ ಹೆಗಲ ಮೇಲೆ ಕೂತಿತ್ತು ಎಂಬುದಂತೂ ನಿಜ.

ಮರವಿಲ್ಲದ ತರಗತಿ

ಸ್ವಾತಂತ್ರ್ಯದ ವರ್ಷ, 1947ರಲ್ಲಿ, ಇನ್ನೂ ಹದಿಹರೆಯದ ನಿಖಿಲ್ ಬ್ಯಾನರ್ಜಿ ಮೈಹರ್‌ಗೆ ಬಂದರು. ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗಿ ರಾತ್ರಿ ಹನ್ನೊಂದರವರೆಗೆ ನಡೆಯುತ್ತಿದ್ದ ದಿನಚರಿಗೆ ಅವರೂ ಒಗ್ಗಿಕೊಂಡರು. ವಯಸ್ಸಾಗುತ್ತಾ ಬಂದರೂ ಬಾಬಾ ಕಲಿಸುವುದನ್ನು ಬಿಡಲಿಲ್ಲ. 1958ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಬಂದವು. ದೊಡ್ಡ ನಗರಗಳಿಗೆ ಹೋಗಿ ನೆಲೆಸುವ ಮನಸ್ಸು ಮಾಡಲಿಲ್ಲ. ಮದುವೆಯಾದ ಹೊಸದರಲ್ಲೇ ಬಿಟ್ಟು ಓಡಿದ್ದ ಪತ್ನಿ ಮದೀನಾ ಬೇಗಂ ಹೆಸರಿನ ನೆನಪಿಗೆ ಮದನಮಂಜರಿ ಎಂಬ ರಾಗವನ್ನು ಕಟ್ಟಿದರು. ಕ್ಷಮೆ ಕೇಳುವ ವಿಧಾನ ಅವರಿಗೆ ಅದೊಂದೇ ಗೊತ್ತಿತ್ತೇನೋ. 1972ರ ಸೆಪ್ಟೆಂಬರ್ 6ರಂದು ಮೈಹರ್‌ನಲ್ಲೇ ಕೊನೆಯುಸಿರೆಳೆದರು.

ಮರಕ್ಕೆ ಕಟ್ಟಿಸಿಕೊಂಡ ಮಗ ತಂದೆಯನ್ನು ದ್ವೇಷಿಸಲಿಲ್ಲ. ಲೋಕ ಕೊಟ್ಟ ಎಲ್ಲ ಪ್ರಶಸ್ತಿಗಳಿಗಿಂತ, ತಂದೆ ತಮ್ಮನ್ನು ಸ್ವರಸಾಮ್ರಾಟ ಎಂದು ಕರೆದದ್ದನ್ನೇ ದೊಡ್ಡದೆಂದು ಅಲಿ ಅಕ್ಬರ್ ಖಾನ್ ಕೊನೆಯವರೆಗೂ ನೆನೆದರು. 1955ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಆಹ್ವಾನದ ಮೇಲೆ ಅಮೆರಿಕಕ್ಕೆ ಹೋಗಿ ಸರೋದ್ ಕೇಳಿಸಿದರು. 1956ರಲ್ಲಿ ಕಲ್ಕತ್ತಾದಲ್ಲಿ, 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಕಾಲೇಜು ಆರಂಭಿಸಿದರು. ಅಲ್ಲಿ ಕಲಿಯಲು ಬಂದವರು ಬೇರೆ ಬೇರೆ ದೇಶದವರು, ಬೇರೆ ಬೇರೆ ವಯಸ್ಸಿನವರು. ತಾನ್‌ಸೇನ್ ಪರಂಪರೆಯ ಅದೇ ವಿದ್ಯೆಯನ್ನು ಅಲಿ ಅಕ್ಬರ್ ಅವರ ಮುಂದೆ ಇಟ್ಟರು. ಅಲ್ಲಿ ಮರವೂ ಇರಲಿಲ್ಲ, ಕೋಲೂ ಇರಲಿಲ್ಲ. ನಾಲ್ಕು ದಶಕ ಕಲಿಸಿ, 2009ರ ಜೂನ್ 18ರಂದು ತೀರಿಕೊಂಡರು.

ಆ ಪಾಠ ಕನ್ನಡನಾಡಿಗೂ ಬಂದಿದೆ. ಬೆಂಗಳೂರಿನಲ್ಲಿ ಹುಟ್ಟಿದ ರಾಜೀವ್ ತಾರಾನಾಥ್ ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರಾಗಿದ್ದವರು. ಅಲಿ ಅಕ್ಬರ್ ಸರೋದ್ ಕೇಳಿ ಅದರ ಬೆನ್ನು ಹತ್ತಿ ಕಲ್ಕತ್ತಾಕ್ಕೆ ಹೋದರು. ಮುಂದೆ ಅನ್ನಪೂರ್ಣಾ ದೇವಿಯವರ ಮಾರ್ಗದರ್ಶನವೂ ಅವರಿಗೆ ದೊರೆಯಿತು. 1970ರ ಸಂಸ್ಕಾರ ಚಿತ್ರಕ್ಕೆ ಸಂಗೀತ ಕೊಟ್ಟವರು ಅವರೇ. 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ನಿಧನರಾಗುವವರೆಗೂ ಗುರುವಿನ ಹೆಸರು ಹೇಳುತ್ತಲೇ ನುಡಿಸಿದರು, ಕಲಿಸಿದರು. ಬಾಲ್ಯದಲ್ಲಿ ಹಿಡಿದು ಕೂರಿಸದೆ, ಬುದ್ಧಿ ಬಲಿತ ಮೇಲೆ ತಾನಾಗಿ ಹೋಗಿ ಕಲಿತ ಕೈಯಲ್ಲೂ ಮೈಹರ್‌ನ ಸರೋದ್ ಉಳಿಯಿತು, ಬೆಳೆಯಿತು.

ಹೇಳದೆ ಉಳಿದ ಕಥೆಗಳು

ಛಡಿ ಚಂ ಚಂ, ವಿದ್ಯಾ ಘಂ ಘಂ ಎಂಬ ಮಾತನ್ನು ನಮ್ಮಲ್ಲಿ ಎಷ್ಟೋ ಮಂದಿ ಕೇಳುತ್ತಲೇ ಬೆಳೆದಿದ್ದೇವೆ. ಶಾಲೆಗಳಲ್ಲಿ ಈಗ ಛಡಿ ಕಾನೂನಿಗೆ ವಿರುದ್ಧ. ಆದರೆ ಮಾತಿನ ಹಿಂದಿನ ನಂಬಿಕೆ ಹೋಗಿಲ್ಲ. ಟಿವಿ ರಿಯಾಲಿಟಿ ಶೋಗೆ ಆಯ್ಕೆಯಾಗಲೆಂದು ಏಳು ವರ್ಷದ ಮಗುವನ್ನು ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸುವವರು, ಕ್ರಿಕೆಟ್ ಅಕಾಡೆಮಿಯ ಬೇಲಿಯಾಚೆ ನಿಂತು ಕೂಗುವವರು, ಕೋಚಿಂಗ್ ಊರುಗಳಿಗೆ ಮಕ್ಕಳನ್ನು ಕಳಿಸುವವರು, ಎಲ್ಲರ ಬಳಿಯೂ ಹೇಳಿಕೊಳ್ಳಲು ಒಬ್ಬ ಅಲಿ ಅಕ್ಬರ್ ಇರುತ್ತಾನೆ. ಅಂದು ಹಾಗೆ ಮಾಡಿದ್ದಕ್ಕೇ ಹೀಗಾದ ಎನ್ನುತ್ತಾರೆ.

ಬಾಬಾ ಬದುಕು ಆ ಮಾತಿಗೆ ಪೂರ್ತಿ ಸಾಕ್ಷಿ ಹೇಳುವುದಿಲ್ಲ. ಅವರು ಹೊಡೆದು ಕಲಿಸಿದ ಮಗ ದೊಡ್ಡ ಕಲಾವಿದನಾದದ್ದು ನಿಜ. ಹೊಡೆಯದೆ ಕಲಿಸಿದ ಶಿಷ್ಯ ಜಗತ್ಪ್ರಸಿದ್ಧನಾದದ್ದೂ ಅಷ್ಟೇ ನಿಜ. ಎಲ್ಲರಿಗೂ ಸಮಾನವಾಗಿ ಸಿಕ್ಕಿದ್ದು ಪೆಟ್ಟಲ್ಲ. ಬೆಳಗಿನಿಂದ ರಾತ್ರಿಯವರೆಗೆ ಪಕ್ಕದಲ್ಲಿ ಕೂತು ಕೇಳುವ ಒಬ್ಬ ಗುರು, ತನ್ನಲ್ಲಿದ್ದ ಒಂದು ಸ್ವರವನ್ನೂ ಬಚ್ಚಿಡದ ಮನಸ್ಸು, ಬದುಕಿಡೀ ಅದಕ್ಕೇ ಮೀಸಲಾದ ಒಂದು ಮನೆ. ವಿದ್ಯೆ ಬಂದದ್ದು ಅದರಿಂದ. ಮರ ಅದರ ಜೊತೆಗೆ ಬಂದ ನೋವು.

ಇನ್ನೂ ಒಂದು ವಿಷಯವಿದೆ. ಮೈಹರ್‌ನ ಕಥೆಗಳನ್ನು ನಮಗೆ ಹೇಳಿದವರೆಲ್ಲ ಅಲ್ಲಿಂದ ಗೆದ್ದು ಬಂದವರು. ರವಿಶಂಕರ್ ಬರೆದರು, ಅಲಿ ಅಕ್ಬರ್ ಸಂದರ್ಶನ ಕೊಟ್ಟರು. ಆ ಸಿಟ್ಟನ್ನು ತಾಳಲಾರದೆ ವಾದ್ಯ ಕೆಳಗಿಟ್ಟು ಹೋದವರು ಇದ್ದಿದ್ದರೆ, ಅವರು ಆತ್ಮಕಥೆ ಬರೆಯಲಿಲ್ಲ, ಅವರನ್ನು ಯಾರೂ ಸಂದರ್ಶಿಸಲಿಲ್ಲ. ರವಿಶಂಕರ್ ಮೇಲಿನ ಸಿಟ್ಟಿಗೆ ಅಂಗಳದಲ್ಲಿ ಪೆಟ್ಟು ತಿಂದ ಆ ಹೆಸರಿಲ್ಲದ ಹುಡುಗ ಏನಾದ ಎಂದು ನಾವು ಕೇಳಿಯೇ ಇಲ್ಲ.

ಅಲ್ಲಾವುದ್ದೀನ್ ಖಾನ್ ದೊಡ್ಡ ಗುರು. ಬಹುಶಃ ಕಳೆದ ಶತಮಾನದ ವಾದ್ಯ ಸಂಗೀತದ ಅತಿ ದೊಡ್ಡ ಗುರು. ಅವರನ್ನು ಗೌರವಿಸಲು ಆ ಮರವನ್ನು ಮರೆಯಬೇಕಿಲ್ಲ, ಅದಕ್ಕೆ ಕೈಮುಗಿಯಬೇಕಾಗಿಯೂ ಇಲ್ಲ. ಮುಂದಿನ ಸಲ ಆ ದಾರಿಯ ರೈಲಿನಲ್ಲಿ ಹೋಗುವಾಗ ಮೈಹರ್ ಬಂದರೆ, ಬೆಟ್ಟದ ಶಾರದೆಗೆ ಕಿಟಕಿಯಿಂದಲೇ ನಮಸ್ಕರಿಸಿ, ಅಲಿ ಅಕ್ಬರ್ ಅವರ ಒಂದು ಆಲಾಪವನ್ನು ಕೇಳಿ. ಆ ನಾದದಲ್ಲಿ ತಂದೆಯ ತಪಸ್ಸು ಕೇಳಿಸುತ್ತದೆ. ಅದರ ಒಳಗೆಲ್ಲೋ ಹಸಿದು ನಿಂತ ಒಬ್ಬ ಹುಡುಗನೂ ಇದ್ದಾನೆ. ಇಬ್ಬರನ್ನೂ ಕೇಳಿಸಿಕೊಳ್ಳಬೇಕು.